ಬೆಳಗಿನ ಪಾಳಿಯಲ್ಲಿ ನೋವಿರಲಿಲ್ಲ

ತಣಿಸಂದ್ರ ಮೇನ್ ರೋಡಿನ ಆ ಅರವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ, ಜಬೀನ್ ಸಿಸ್ಟರ್ ಬಂದರು ಅಂದರೆ ಪೇಷಂಟುಗಳು ನೆಟ್ಟಗೆ ಕೂರುತ್ತಿದ್ದ ಕಾಲವೊಂದಿತ್ತು. ತುಂಬಾ ಹಿಂದಿನ ಮಾತೇನಲ್ಲ, ಒಂದೂವರೆ ವರ್ಷದ ಕೆಳಗಿನದು. ಬಾಯಿ ಅಂದರೆ ಅದು ಬಾಯಿ. ಶುಗರ್ ಪೇಷಂಟು ದಿಂಬಿನ ಕೆಳಗೆ ಮೈಸೂರು ಪಾಕು ಬಚ್ಚಿಟ್ಟಿದ್ದರೆ ಬಾಗಿಲಲ್ಲಿ ನಿಂತೇ ಕಂಡುಹಿಡಿಯೋಳು. ನೀವಾಗೇ ತೆಗೀತೀರೋ, ನಾನೇ ಬಂದು ತೆಗೀಲೋ ಅಂತ ಇಡೀ ವಾರ್ಡಿಗೆ ಕೇಳೋ ಹಾಗೆ ಕೇಳೋಳು. ಮೊದಲು ಬೈಗುಳ, ಆಮೇಲೆ ಇಂಜೆಕ್ಷನ್. ಆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹಗುರ ಕೈ.

ಬೈಸಿಕೊಂಡ ಜನ ಸುಮ್ಮನಿರುತ್ತಾರಾ? ಅವರೂ ತಿರುಗಿ ಬೈಯೋರು. ಅಯ್ಯೋ ಇಲ್ಲಿ ಹಿಡ್ಕೊಂಡಿದೆ, ಅಲ್ಲಿ ಸೆಳೀತಿದೆ, ನಿಮಗೇನು ಗೊತ್ತಾಗುತ್ತೆ ನಮ್ಮ ಸಂಕಟ ಅಂತ ಕೂಗಾಡೋರು. ಅವಳ ಮುಂದೆ ಒಳ್ಳೆಯವರಾಗಿ ಕಾಣಿಸಬೇಕು ಅನ್ನೋ ಹಂಗು ಯಾರಿಗೂ ಇರಲಿಲ್ಲ. ಎಲ್ಲಿ ನೋವು, ಎಷ್ಟು ನೋವು, ಎಲ್ಲಾ ತಾನಾಗೇ ಹೊರಗೆ ಬರೋದು. ಈ ಬೈಗುಳದಿಂದ ಇಂಥದ್ದೊಂದು ಉಪಯೋಗ ಇದೆ ಅಂತ ಆಗ ಯಾರೂ ಗಮನಿಸಲಿಲ್ಲ. ಜಬೀನಳಂತೂ ಗಮನಿಸಲೇ ಇಲ್ಲ, ಅದೇ ಬಂದ ಗ್ರಹಚಾರ.

ಆರ್‌.ಟಿ. ನಗರದ ಟೈಲರ್ ಒಬ್ಬರ ಮೂರನೇ ಮಗಳು ಜಬೀನ್. ಮನೆಯಲ್ಲಿ ದಖ್ನಿ, ಸ್ಕೂಲಲ್ಲಿ ಕನ್ನಡ, ನರ್ಸಿಂಗ್ ಡಿಪ್ಲೊಮಾದಲ್ಲಿ ಕಷ್ಟಪಟ್ಟು ಕಲಿತ ಇಂಗ್ಲಿಷು. ಗಂಡ ಮುಕ್ತಾರ್ ಯಶವಂತಪುರ ಯಾರ್ಡಿನಿಂದ ಈರುಳ್ಳಿ ಮೂಟೆ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾನೆ. ಪಾಪದ ಮನುಷ್ಯ. ಇಪ್ಪತ್ತೆರಡು ವರ್ಷ ಅವಳು ಅದೇ ಆಸ್ಪತ್ರೆಯಲ್ಲಿ ದುಡಿದಳು. ಮೂಳೆ ವಾರ್ಡಿನ ಇನ್‌ಚಾರ್ಜ್ ಜಾಗ ಎರಡು ಸಲ ಖಾಲಿಯಾಯಿತು, ಎರಡು ಸಲವೂ ಅವಳಿಗಿಂತ ಚಿಕ್ಕವರು, ಅವಳ ಕೈಯಲ್ಲೇ ಡ್ರೆಸ್ಸಿಂಗ್ ಕಲಿತವರು, ಮೇಲೆ ಹೋಗಿ ಕೂತರು. ಕಾರಣ ಕೇಳಿದರೆ, ನಿಮಗೆ ಡಿಗ್ರಿ ಇಲ್ಲವಲ್ಲ ಸಿಸ್ಟರ್ ಅಂದರು. ಹೊಟ್ಟೆ ಉರಿದುಹೋಯಿತು ಅವಳಿಗೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಯಲಹಂಕದ ನರ್ಸಿಂಗ್ ಕಾಲೇಜಿಗೆ ಸೇರಿಕೊಂಡಳು. ಬೆಳಗ್ಗೆ ಡ್ಯೂಟಿ, ಮಧ್ಯಾಹ್ನ ಕ್ಲಾಸು.

ಅಲ್ಲಿ ಪಾಠ ಮಾಡುತ್ತಿದ್ದವರು ರಾಧಾಮಣಿ ಮೇಡಂ. ತೆಳ್ಳಗೆ, ಮೆಲ್ಲಗೆ ಮಾತಾಡುವ ಹೆಂಗಸು. ಆರೈಕೆಯ ಸಿದ್ಧಾಂತಗಳು ಅನ್ನುವುದು ಅವರ ಪೇಪರು. ಜಬೀನಳಿಗೆ ಮೊದಲು ನಗುವೇ ಬಂತು. ಆರೈಕೆಗೂ ಸಿದ್ಧಾಂತವಾ? ಗಾಯ ತೊಳಿ, ಬಟ್ಟೆ ಬದಲಾಯಿಸು, ಗಂಟೆಗೊಂದು ಸಲ ನೋಡು, ಇನ್ನೇನು. ಆದರೆ ಓದುತ್ತಾ ಓದುತ್ತಾ ನಗು ನಿಂತಿತು. ಕೆಲಸ ಬೇರೆ, ಆರೈಕೆ ಬೇರೆ. ನರ್ಸು ಪೇಷಂಟಿನ ಜೊತೆ ನಿಜವಾಗಿ ಇರಬೇಕು. ಮೊದಲು ಆ ಮನುಷ್ಯರನ್ನು ಅರಿಯಬೇಕು, ಆಮೇಲೆ ಜೊತೆಗಿರಬೇಕು, ಆಮೇಲೆ ಅವರಿಗಾಗಿ ಮಾಡಬೇಕು. ಹೀಗೆ ಒಂದೊಂದೇ ಮೆಟ್ಟಿಲು. ಸಂಬಂಧ ಬೆಳೆದರೆ ನೋವೇ ತಗ್ಗುತ್ತದೆ ಅಂತಲೂ ಬರೆದಿತ್ತು. ಒಂದು ದಿನ ರಾಧಾಮಣಿ ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮ ಕೈ ಚೆನ್ನಾಗಿದೆ ಜಬೀನ್, ಆದರೆ ಪೇಷಂಟುಗಳ ಹತ್ತಿರ ನೀವು ಕೂತಿದ್ದನ್ನ ಯಾರೂ ನೋಡಿಲ್ಲವಂತೆ ಅಂದುಬಿಟ್ಟರು. ಆ ಮಾತು ಅವಳಿಗೆ ಚುಚ್ಚಿತು. ಇಪ್ಪತ್ತೆರಡು ವರ್ಷ ನಿಂತೇ ಸವೆಸಿದ ಕಾಲು ಅವಳದು, ಕೂರೋಕೆ ಯಾರು ಬಿಟ್ಟಿದ್ದರು?

ಆದರೂ ಹಟಮಾರಿ ಹೆಂಗಸು, ಬದಲಾಗಿಯೇ ಬಿಟ್ಟಳು. ಬೈಯೋದು ನಿಲ್ಲಿಸಿದಳು. ಸ್ಟೂಲ್ ಎಳೆದುಕೊಂಡು ಕೂರೋದು ಕಲಿತಳು. ವಾರ್ಡಿನವರೆಲ್ಲ, ಏನ್ ಸಮಾಚಾರ ಜಬೀನಕ್ಕ, ಮೈಗೆ ಹುಷಾರಿಲ್ವಾ ಅಂತ ರೇಗಿಸಿದರು. ಕೋರ್ಸಿನ ಕೊನೆಗೆ ಒಬ್ಬ ಪೇಷಂಟನ್ನು ಒಂದು ವಾರ ನೋಡಿಕೊಂಡು, ಸಿದ್ಧಾಂತಕ್ಕೆ ಹೊಂದಿಸಿ ಒಂದು ಅಧ್ಯಯನ ಬರೆಯಬೇಕು, ಅದನ್ನು ಪರೀಕ್ಷಕರ ಮುಂದೆ ಹೇಳಬೇಕು. ಪಾಸು ಫೇಲು ಅದರ ಮೇಲೇ. ಜಬೀನ್ ಆರಿಸಿಕೊಂಡಿದ್ದು ಅಟ್ಟೂರಿನ ಸೊಣ್ಣಮ್ಮನನ್ನು.

ಸೊಣ್ಣಮ್ಮನಿಗೆ ಅರವತ್ತೇಳು. ಅಟ್ಟೂರು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಹೊಲವೆಲ್ಲ ಲೇಔಟಾದರೂ ಖಾಲಿ ಸೈಟಲ್ಲಿ ಎರಡು ಹಸು ಕಟ್ಟಿಕೊಂಡು ಅಪಾರ್ಟ್‌ಮೆಂಟಿನವರಿಗೆ ಹಾಲು ಹಾಕುತ್ತಿದ್ದಳು. ಕೊಟ್ಟಿಗೆ ತೊಳೆದ ನೀರಲ್ಲಿ ಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿದು, ಆಪರೇಷನ್ ಆಗಿ ರಾಡ್ ಹಾಕಿದ್ದರು. ಜೊತೆಗಿದ್ದವಳು ತಂಗಿ ಸುಬ್ಬಮ್ಮ, ಅಕ್ಕ ಹೇಳಿದ್ದೇ ವೇದ ಅನ್ನೋ ಹೆಂಗಸು. ಇಂಥ ಆಪರೇಷನ್ ಆದವರಲ್ಲಿ ನರ್ಸುಗಳು ಹೆದರುವುದು ಮೂಳೆಗಲ್ಲ, ಕಾಲಿನ ರಕ್ತಕ್ಕೆ. ಮಲಗಿದಲ್ಲೇ ಮಲಗಿದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವರಿಗೆ ಇಂಜೆಕ್ಷನ್ ಕೊಟ್ಟರೂ ಗಟ್ಟಿಯಾಗುತ್ತದೆ. ಆ ಹೆಪ್ಪು ಕಿತ್ತುಕೊಂಡು ಎದೆಗೆ ಏರಿದರೆ ಮುಗಿಯಿತು. ಊತ, ಬಿಸಿ ಆಪರೇಷನ್ ಆದ ಕಾಲಿಗೆ ಹೇಗೂ ಇರುತ್ತದೆ, ಹಾಗಾಗಿ ಅದಕ್ಕೆ ಮುಂಚೆ ಎಚ್ಚರಿಸುವ ಸೂಚನೆ ಅಂದರೆ ಮುಖ್ಯವಾಗಿ ನೋವು. ಆ ನೋವನ್ನು ಪೇಷಂಟು ಬಾಯಿಬಿಟ್ಟು ಹೇಳಬೇಕು.

ಮೊದಲ ದಿನ ಸೊಣ್ಣಮ್ಮ ಚೆನ್ನಾಗೇ ಕೂಗಿಕೊಂಡಳು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ನಂಬರ್ ಹೇಳಬೇಕು, ಅದನ್ನು ಚಾರ್ಟಲ್ಲಿ ಬರೆಯಬೇಕು, ಅದು ಆಸ್ಪತ್ರೆಯ ಪದ್ಧತಿ. ಎಂಟು ಅಂದಳು. ಜಬೀನ್ ಸ್ಟೂಲ್ ಎಳೆದು ಕೂತಳು. ಹಸುಗಳ ಹೆಸರು ಕೇಳಿದಳು. ತಲೆ ಬಾಚಿದಳು. ಎರಡನೇ ದಿನ ಕೈಯಾರೆ ಗಂಜಿ ಕುಡಿಸಿದಳು. ತನಗೆ ಇನ್‌ಚಾರ್ಜ್ ಜಾಗ ತಪ್ಪಿದ್ದನ್ನೂ ಹೇಳಿಕೊಂಡಳು, ಮನಸ್ಸು ಬಿಚ್ಚಿ ಮಾತಾಡಿ ಅಂತ ಪಾಠದಲ್ಲೇ ಇತ್ತಲ್ಲ. ಸೊಣ್ಣಮ್ಮನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಸಿಸ್ಟರ್ ಹೋಗಿ ಮಗಾ ಆಯಿತು.

ಮೂರನೇ ದಿನ ರಾಧಾಮಣಿ ಮೇಡಂ ವಾರ್ಡಿಗೆ ಬಂದು, ಹಾಸಿಗೆಯ ಪಕ್ಕದಲ್ಲೇ ನಿಂತು, ನಿಮ್ಮ ರಿಸಲ್ಟು ಈ ಅಧ್ಯಯನದ ಮೇಲೇ ನಿಂತಿದೆ ಜಬೀನ್ ಅಂತ ಹೇಳಿ ಹೋದರು. ಓದಿದವರಿಗೆ ಪೇಷಂಟಿಗೂ ಕಿವಿ ಇರುತ್ತೆ ಅನ್ನೋದು ಮರೆತುಹೋಗುತ್ತೇನೋ. ಸೊಣ್ಣಮ್ಮ ಬಾಯಿ ಮೇಲೆ ಬೆರಳಿಟ್ಟುಕೊಂಡು ಕೇಳಿದಳು.

"ಅಂಗಾರೆ ನಿನ್ನ ಪರೀಕ್ಸೆ ನಾನೇ ಅನ್ನು?"

"ಹೂಂ ಅಮ್ಮ, ನೀವೇ. ನೀವು ಬೇಗ ಹುಷಾರಾದ್ರೆ ನಾನು ಪಾಸು."

ನಗುತ್ತಾ ಹೇಳಿದ ಮಾತು. ಸೊಣ್ಣಮ್ಮನೂ ನಕ್ಕಳು, ಸುಬ್ಬಮ್ಮನೂ ನಕ್ಕಳು. ಆದರೆ ಮಾರನೇ ದಿನದಿಂದ ಬೆಳಗಿನ ಪಾಳಿಯಲ್ಲಿ ಸೊಣ್ಣಮ್ಮನ ನೋವು ಒಂದಕ್ಕೆ ಇಳಿಯಿತು.

ಚಾರ್ಟು ನೋಡಿದರೆ ಆಶ್ಚರ್ಯವಾಗಬೇಕು. ಜಬೀನ್ ಡ್ಯೂಟಿಯಲ್ಲಿ ಒಂದು. ಎರಡು ಗಂಟೆಗೆ ಅವಳು ಹೋಗಿ, ಸಂಜೆ ಪಾಳಿಯ ಜ್ಯೋತಿಲಕ್ಷ್ಮಿ ಕೇಳಿದರೆ ಆರು, ಏಳು. ಮಾರನೇ ಬೆಳಗ್ಗೆ ಮತ್ತೆ ಒಂದು. ಜಬೀನ್ ಇದನ್ನು ನೋಡಿ ಹಿಗ್ಗಿಹೋದಳು. ಮನೆಯಲ್ಲಿ ಕೂತು, ತನ್ನ ಪಾಳಿಗೆ ಹಸಿರು ಪೆನ್ನು, ಮಿಕ್ಕವರ ಪಾಳಿಗೆ ಕೆಂಪು ಪೆನ್ನು ಹಿಡಿದು ಗ್ರಾಫ್ ಬರೆದಳು. ನರ್ಸಿನ ಸಾನ್ನಿಧ್ಯದಿಂದ ನೋವು ತಗ್ಗುತ್ತದೆ ಅಂತ ಕೆಳಗೆ ಅಂದವಾಗಿ ಬರೆದಳು. ಮುಕ್ತಾರನಿಗೂ ತೋರಿಸಿದಳು. ಅವನು ಗ್ರಾಫನ್ನು ತಿರುಗಿಸಿ ಮುರುಗಿಸಿ ನೋಡಿ, ನೀನು ಹೋದ ತಕ್ಷಣ ಆ ಅಮ್ಮನಿಗೆ ಇಷ್ಟೊಂದು ಜಾಸ್ತಿಯಾಗುತ್ತಾ, ಪಾಪ ಅಂದ. ಅವಳಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಈ ಕಡೆ ಹಾಸಿಗೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಬೆಳಗಿನ ಹೊತ್ತು ಬೆಲ್ ಒತ್ತಬಾರದು ಅಂತ ಸೊಣ್ಣಮ್ಮ ತಂಗಿಗೆ ಕಟ್ಟಪ್ಪಣೆ ಮಾಡಿದ್ದಳು. ಆ ಮಗ ಓಡಾಡಿ ಓಡಾಡಿ ಸಾಯ್ತದೆ, ಏನಿದ್ರೂ ಮಧ್ಯಾಹ್ನದ ಮೇಲೆ ಕೇಳನ. ತನಗೆ ಬಂದ ಇಡ್ಲಿಯಲ್ಲಿ ಎರಡು ಎತ್ತಿಟ್ಟು, ತಿಂದ್ಯಾ ಮಗಾ ಅಂತ ಜಬೀನಳನ್ನೇ ವಿಚಾರಿಸೋಳು. ಸ್ಟೂಲಲ್ಲಿ ಕೂತವಳಿಗೆ ಕಾಲು ಚಾಚ್ಕೋ ಅನ್ನೋಳು. ಯಾರು ಯಾರ ಆರೈಕೆ ಮಾಡುತ್ತಿದ್ದಾರೆ ಅಂತ ಹೊರಗಿನಿಂದ ಬಂದವರಿಗೆ ಗೊತ್ತಾಗುತ್ತಿರಲಿಲ್ಲ. ಜಬೀನಳಿಗೆ ಅದೆಲ್ಲ ಸಂಬಂಧ ಬೆಳೆದ ಗುರುತು. ಅದನ್ನೂ ಬರೆದುಕೊಂಡಳು.

ಆರನೇ ದಿನ ಪಾಳಿ ಬದಲಾಗುವಾಗ ಜ್ಯೋತಿಲಕ್ಷ್ಮಿ ಅವಳನ್ನು ತಡೆದು ನಿಲ್ಲಿಸಿದಳು. ಅಕ್ಕ, ನಿನ್ನೆ ಸಂಜೆ ಸೊಣ್ಣಮ್ಮ ಏಳು ಅಂದ್ರು, ಅದೂ ಆಪರೇಷನ್ ಜಾಗದಲ್ಲಲ್ಲ, ಮೀನಖಂಡದಲ್ಲಿ, ಕಾಲು ಸ್ವಲ್ಪ ಬಿಗಿಯಾಗಿದೆ, ನಂಗ್ಯಾಕೋ ಭಯ ಆಗ್ತಿದೆ ಅಂದಳು. ಜಬೀನ್ ಒಂದು ಥರಾ ನಕ್ಕಳು. ಬೆನ್ನು ತಟ್ಟಿ, ಸ್ವಲ್ಪ ಹೊತ್ತು ಕೂತ್ಕೊಂಡು ಮಾತಾಡ್ಸು ಕಣೇ, ನಂಬರ್ ತಾನಾಗೇ ಇಳಿಯುತ್ತೆ ಅಂದಳು. ಜ್ಯೋತಿಲಕ್ಷ್ಮಿಯ ಮುಖ ಕೆಂಪಾಯಿತು. ಮತ್ತೆ ಅವಳು ಆ ಮಾತು ಎತ್ತಲಿಲ್ಲ, ಡಾಕ್ಟರಿಗೆ ಕಾಣುವ ಹಾಗೆ ಚಾರ್ಟಲ್ಲಿ ಬರೆದಿಟ್ಟಳು.

ಆದರೂ ಜಬೀನ್ ಸುಮ್ಮನಿರಲಿಲ್ಲ, ಅದನ್ನು ಹೇಳಲೇಬೇಕು. ಮಾರನೇ ಬೆಳಗ್ಗೆ ಹೊದಿಕೆ ಸರಿಸಿ ಮೀನಖಂಡ ಒತ್ತಿ ನೋಡಿದಳು. ಬೆಚ್ಚಗಿತ್ತು. ಆಪರೇಷನ್ ಆದ ಕಾಲು, ಸ್ವಲ್ಪ ಊದಿಕೊಂಡೇ ಇರುತ್ತದೆ. ನೋವಿದೆಯಾ ಅಮ್ಮ ಅಂತ ಕೇಳಿದಳು. ಇಲ್ಲ ಕಣ್ ಮಗಾ ಅಂದಳು ಸೊಣ್ಣಮ್ಮ. ಮುಖದಲ್ಲಿ ಏನೂ ಕಾಣಿಸಲಿಲ್ಲ, ಆದರೆ ಕೈ ಹಾಸಿಗೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಜಬೀನ್ ಅದನ್ನು ನೋಡಿದಳು. ಹಳೇ ಜಬೀನ್ ಆಗಿದ್ದರೆ, ಸುಳ್ಳು ಹೇಳಬೇಡಿ, ಬಾಯಿ ಬಿಡಿ ಅಂತ ಗದರಿಸಿ, ಇನ್ನೊಂದು ಸಲ ಒತ್ತಿ, ನಿಜ ಹೊರಡಿಸಿಯೇ ಬಿಡುತ್ತಿದ್ದಳು. ನಾಲಿಗೆಯ ತುದಿಗೂ ಬಂತು ಆ ಮಾತು. ಆದರೆ ಪೇಷಂಟು ಹೇಳಿದ್ದೇ ನೋವು, ಅದನ್ನು ಅನುಮಾನಿಸಬಾರದು ಅಂತ ಓದಿದ್ದು ನೆನಪಾಯಿತು. ನುಂಗಿಕೊಂಡು, ಹೊದಿಕೆ ಹೊದಿಸಿದಳು.

ಹತ್ತು ಗಂಟೆಗೆ ಮೂಳೆ ಡಾಕ್ಟರು ರೌಂಡ್ಸಿಗೆ ಬಂದರು. ರೌಂಡ್ಸು ಬೆಳಗ್ಗೆಯೇ ಇರುವುದರಿಂದ ಅವರ ಕಿವಿಗೆ ಬೀಳುವುದು ಬೆಳಗಿನ ಪಾಳಿಯವರ ಮಾತೇ. ಚಾರ್ಟು ತಿರುವಿ, ಸಂಜೆ ಸಿಸ್ಟರ್ ಕಾಲಿನ ನೋವು ಅಂತ ಬರೆದಿದ್ದಾರಲ್ಲ, ಒಂದು ಸ್ಕ್ಯಾನ್ ಮಾಡಿಸಿಬಿಡೋಣವಾ, ನಿಮಗೇನನ್ನಿಸುತ್ತೆ ಅಂತ ಜಬೀನಳನ್ನೇ ಕೇಳಿದರು. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಕೊಟ್ಟ ಮರ್ಯಾದೆ ಅದು. ಅವಳು ಒಂದು ಗಳಿಗೆ ಸೊಣ್ಣಮ್ಮನ ಮುಖ ನೋಡಿದಳು. ಸೊಣ್ಣಮ್ಮ ಮೆಲ್ಲಗೆ ತಲೆ ಅಲ್ಲಾಡಿಸಿದಳು, ಬೇಡ ಅನ್ನುವ ಹಾಗೆ.

"ನನಗೆ ಒಂದು ಅಂದಿದಾರೆ ಸರ್. ಈಗ ತಾನೇ ಒತ್ತಿ ನೋಡಿದೆ, ನೋವಿಲ್ಲ ಅಂದ್ರು."

ಹಾಗಾದರೆ ಶುಕ್ರವಾರ ಮನೆಗೆ ಕಳಿಸೋಣ ಅಂತ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಪರೀಕ್ಷೆ ಮಾರನೇ ದಿನ, ಗುರುವಾರ ಮೂರು ಗಂಟೆಗೆ, ಯಲಹಂಕದ ಕಾಲೇಜಿನಲ್ಲಿ. ಅವತ್ತು ಬೆಳಗ್ಗೆ ಸೊಣ್ಣಮ್ಮನ ನಾಡಿ ನೂರಾ ಎಂಟು ಇತ್ತು. ದಿನವೂ ಎಂಬತ್ತರ ಸುತ್ತ ಇರುತ್ತಿದ್ದದ್ದು. ಜಬೀನ್ ಹುಬ್ಬು ಗಂಟಿಕ್ಕಿ ಎರಡನೇ ಸಲ ಎಣಿಸಿದಳು. ಸೊಣ್ಣಮ್ಮ ಅವಳ ಕೈ ಹಿಡಿದುಕೊಂಡು, "ನಿನ್ನ ಪರೀಕ್ಸೆ ಅಂತ ನಂಗೇ ಎದೆ ಒಡ್ಕತಾ ಐತೆ ಕಣ್ ಮಗಾ" ಅಂದಳು. ಜಬೀನಳ ತಾಯಿಯೂ ಹೀಗೆ ಯಾವತ್ತೂ ಅಂದಿರಲಿಲ್ಲ. ನಾಡಿಯ ಪಕ್ಕದಲ್ಲಿ ಗಾಬರಿಯಿಂದ ಅಂತ ಬರೆದಳು. ನೋವು ಎಷ್ಟು ಅಂತ ಕೇಳಿದಳು, ಉತ್ತರ ಬರುವ ಮುಂಚೆಯೇ ಒಂದು ಅಂತ ಬರೆದುಕೊಂಡಳು. ಒಂದೂವರೆಗೆ ಬ್ಯಾಗ್ ಏರಿಸಿ, ಸೊಣ್ಣಮ್ಮನ ಕಾಲು ಮುಟ್ಟಿ ಹೊರಟಳು. ಬಾಗಿಲ ಹತ್ತಿರ ಹೋದಾಗ ಬೆನ್ನ ಹಿಂದೆ ಸುಬ್ಬಮ್ಮ ಏನೋ ಗುಸುಗುಸು ಅಂದಂತಾಯಿತು. ತಿರುಗಿ ನೋಡಬೇಕು ಅನ್ನಿಸಿತು, ಬಸ್ಸು ತಪ್ಪುತ್ತೆ ಅಂತ ನೋಡಲಿಲ್ಲ.

ಪರೀಕ್ಷೆ ಹೂವೆತ್ತಿದ ಹಾಗೆ ನಡೆಯಿತು. ಸಿದ್ಧಾಂತದ ಮೆಟ್ಟಿಲುಗಳನ್ನು ಒಂದೊಂದಾಗಿ ಹೇಳಿದಳು, ಹಸುಗಳ ಹೆಸರು ಹೇಳಿದಳು, ಇಡ್ಲಿಯ ಕತೆ ಹೇಳಿದಳು. ರಾಧಾಮಣಿ ಮೇಡಂ ಹೆಮ್ಮೆಯಿಂದ ನೋಡುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕಿ, ಬಿಳಿ ಕೂದಲಿನ ಹಿರಿಯ ಹೆಂಗಸು, ಗ್ರಾಫನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಒಂದೇ ದಿನ ಬೆಳಗ್ಗೆ ಒಂದು, ಸಂಜೆ ಏಳು. ಇದರಲ್ಲಿ ಸುಳ್ಳು ಯಾವುದಮ್ಮ?"

ಎರಡೂ ನಿಜ ಮೇಡಂ, ನರ್ಸು ಹೇಗಿರುತ್ತಾಳೋ ನೋವು ಹಾಗಿರುತ್ತೆ, ಅದೇ ಈ ಅಧ್ಯಯನದ ಸಾರ ಅಂತ ಜಬೀನ್ ಪಟಪಟನೆ ಹೇಳಿದಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು. ಪರೀಕ್ಷಕಿ ಸಣ್ಣಗೆ ತಲೆದೂಗಿ ಸಹಿ ಹಾಕಿದರು. ಪಾಸು. ರಾಧಾಮಣಿ ಮೇಡಂ ಕೈ ಕುಲುಕಿದರು.

ಹಾಳೆಗಳನ್ನು ಜೋಡಿಸಿಕೊಳ್ಳುವಾಗ ಜಬೀನಳ ಕೈ ನಿಂತಿತು. ಗ್ರಾಫಿನ ಕೆಂಪು ಗೆರೆಗಳನ್ನು ಅವಳು ಅದುವರೆಗೆ ಬೇರೆಯವರ ಸೋಲು ಅಂತ ನೋಡಿದ್ದಳು. ಈಗ ನೋಡಿದರೆ ಅವು ದಿನದಿಂದ ದಿನಕ್ಕೆ ಏರುತ್ತಿದ್ದವು. ಆರು, ಏಳು, ಎಂಟು, ನಿನ್ನೆ ಒಂಬತ್ತು. ಮೂಳೆ ಕೂಡುವ ಕಾಲು ಹೀಗೆ ಏರುವುದಿಲ್ಲ. ನೂರಾ ಎಂಟು ನಾಡಿ. ಬೆಚ್ಚಗಿನ ಮೀನಖಂಡ. ಮುಷ್ಟಿಯೊಳಗಿನ ಬಟ್ಟೆ. ಇಪ್ಪತ್ತೆರಡು ವರ್ಷದ ನರ್ಸಿಗೆ ಇನ್ನೇನು ಹೇಳಬೇಕಿತ್ತು? ಕಾರಿಡಾರಿನಲ್ಲಿ ನಿಂತು ವಾರ್ಡಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಜ್ಯೋತಿಲಕ್ಷ್ಮಿಯ ನಂಬರಿಗೆ ಮಾಡಿದಳು. ಅದೂ ಎತ್ತಲಿಲ್ಲ. ಹಗಲು ಹೊತ್ತಲ್ಲಿ ಆ ವಾರ್ಡಿನ ಫೋನನ್ನು ಯಾರೂ ಎತ್ತುವುದಿಲ್ಲ ಅಂದರೆ ಎಲ್ಲರೂ ಒಂದೇ ಹಾಸಿಗೆಯ ಸುತ್ತ ಇದ್ದಾರೆ ಅಂತ ಅರ್ಥ.

ಆಟೋ ಹಿಡಿದಳು. ಕೋಗಿಲು ಕ್ರಾಸಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಬೇಗ ಹೋಗಪ್ಪ ಅಂತ ಡ್ರೈವರನಿಗೆ ಹೇಳಿದಳು. ಎಲ್ಲಿಗೆ ಹೋಗಲಿ ಮೇಡಂ, ನೀವೇ ನೋಡಿ ಅಂದ ಅವನು. ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡು, ತನಗೆ ಗೊತ್ತಿದ್ದ ದುವಾಗಳನ್ನೆಲ್ಲ ಒಂದಕ್ಕೊಂದು ಬೆರೆಸಿ ಹೇಳುತ್ತಿದ್ದಳು.

ವಾರ್ಡಿಗೆ ಬಂದಾಗ ನಾಲ್ಕೂಮುಕ್ಕಾಲು. ಸೊಣ್ಣಮ್ಮನ ಹಾಸಿಗೆಯ ಸುತ್ತ ಹಸಿರು ಪರದೆ ಎಳೆದಿತ್ತು. ತುರ್ತಿನ ಟ್ರಾಲಿಯನ್ನು ಜ್ಯೋತಿಲಕ್ಷ್ಮಿ ವಾಪಸು ತಳ್ಳಿಕೊಂಡು ಬರುತ್ತಿದ್ದಳು. ಅವಳ ಮುಂಗೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಜಬೀನಳನ್ನು ನೋಡಿ ನಿಂತಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೊರಗಿನ ಬೆಂಚಿನ ಮೇಲೆ ಸುಬ್ಬಮ್ಮ ಕೂತಿದ್ದಳು. ಜಬೀನ್ ಅವಳ ಕಾಲ ಬುಡದಲ್ಲಿ ನೆಲದ ಮೇಲೇ ಕೂತಳು. ಯಾವಾಗಿನಿಂದ ಅಂತ ಕೇಳಿದಳು. ಸುಬ್ಬಮ್ಮನಿಗೆ ಸುಳ್ಳು ಹೇಳೋಕೆ ಬರುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಳಗ್ಗೆ ಎದ್ದಾಗಿನಿಂದಲೇ ಅಕ್ಕನಿಗೆ ಉಸಿರು ಹಿಡಿಯುತ್ತಿತ್ತಂತೆ. ಕಾಲಂತೂ ನಾಲ್ಕು ದಿನದಿಂದ ಸಿಡಿಯುತ್ತಿತ್ತಂತೆ. ನೀನು ಬಾಗಿಲು ದಾಟುವಾಗ ನಾನು ಕೂಗೋಕೆ ಬಾಯಿ ತೆಗೆದೆ ಅಂದಳು. ಅಕ್ಕ ಕೈ ಹಿಡಿದು ಎಳೆದಳಂತೆ. "ಬೆನ್ನಿಂದೆ ಕೂಗ್ಬೇಡ ಕಣೇ, ಒಳ್ಳೆ ಕೆಲ್ಸಕ್ಕೆ ಒಂಟವಳೆ." ಹೊರಟವರನ್ನು ಬೆನ್ನ ಹಿಂದಿನಿಂದ ಕರೆದರೆ ಹೋದ ಕೆಲಸ ಕೆಡುತ್ತೆ, ಅವರ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಆಮೇಲೂ ಬೆಲ್ ಒತ್ತಲು ಬಿಡಲಿಲ್ಲವಂತೆ. ಗೊತ್ತಾದರೆ ಆ ಮಗನಿಗೆ ಫೋನ್ ಮಾಡಿ ವಾಪಸು ಕರೆಸಿಬಿಡುತ್ತಾರೆ, ಪರೀಕ್ಷೆ ಮುಗಿಯಲಿ, ಮೂರೂವರೆ ಆಗಲಿ, ತಡಿ ಅಂದಳಂತೆ. ಸಂಜೆ ಸಿಸ್ಟರ್ ಬಂದು ಕೇಳಿದಾಗಲೂ ಅವತ್ತೊಂದು ದಿನ ಒಂದು ಅಂತಲೇ ಹೇಳಿದಳಂತೆ. ಗಡಿಯಾರ ನೋಡಿಕೊಂಡು ಅಕ್ಕ ತಂಗಿ ಇಬ್ಬರೂ ಕಾದರು. ಮೂರೂವರೆಗೆ ಸುಬ್ಬಮ್ಮ ಬೆಲ್ ಒತ್ತಿದಾಗ ಸೊಣ್ಣಮ್ಮನ ತುಟಿ ನೀಲಿಯಾಗಿತ್ತು.

ಸುಬ್ಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಜಬೀನಳ ಭುಜ ಮುಟ್ಟಿದಳು.

"ಪಾಸಾದ್ಯಾ ಮಗಾ? ಅವಳು ಅದನ್ನೇ ಕೇಳ್ತಾ ಇದ್ಲು."

ಆದೆ ಅಂದಳು ಜಬೀನ್.

ಸುಬ್ಬಮ್ಮ ಮಂಡಿ ಹಿಡಿದುಕೊಂಡು ಎದ್ದಳು, ಒಳಗೆ ಹೋಗಿ ಪರದೆ ಸರಿಸಿದಳು. ಹೊದಿಕೆಯನ್ನು ಅಕ್ಕನ ಮುಖದಿಂದ ಸ್ವಲ್ಪ ಇಳಿಸಿ, ಕಿವಿಯ ಹತ್ತಿರ ಬಗ್ಗಿದಳು. ಆಮೇಲೆ ಕಿವಿ ಮಂದ ಇರುವವರಿಗೆ ಹೇಳುವ ಹಾಗೆ, ಗಟ್ಟಿಯಾಗಿ ಹೇಳಿದಳು.

"ಅಕ್ಕಾ, ಮಗ ಪಾಸಾಯ್ತಂತೆ."